ವಿದ್ಯಾಗಿರಿಯ ಶಿಫಾರಸುಗಾರ: ನೆಲೆ, ಲಕ್ಷಣ, ಪಥ್ಯ

ಊಟದ ಶಿಫಾರಸುಗಾರನೆಂದರೆ ಪಕ್ಕದ ಮೇಜಿನವರ ತಾಟು ನೋಡಿ ಮರುಗುವ ಮನುಷ್ಯ. ಹಸಿದು ಬಂದವರಿಗೆ ಒಳ್ಳೆಯ ಖಾನಾವಳಿಯ ದಾರಿ ಹೇಳುವವರೆಲ್ಲ ಈ ವರ್ಗಕ್ಕೆ ಸೇರುವುದಿಲ್ಲ. ಅವರು ಕೇಳಿದರೆ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ಅಸಲಿ ಶಿಫಾರಸುಗಾರ ಬಾಯಿ ತೆರೆಯುವುದು ತಿಂಡಿ ಬಂದು, ಎದುರಿನವರು ಮೊದಲ ತುತ್ತು ನುಂಗಿದ ಮೇಲೆ. ‘ಇಲ್ಯಾಕ ಬಂದ್ರಿ?’ ಎಂಬುದು ಅವನ ಪೀಠಿಕೆ. ಆ ಪ್ರಶ್ನೆ ಕೇಳುವಾಗ ಅವನೂ ಅಲ್ಲೇ ಕೂತು ಅದನ್ನೇ ತಿನ್ನುತ್ತಿರುತ್ತಾನೆ. ಅದನ್ನು ಎತ್ತಿ ತೋರಿಸಿದರೆ, ತಾನು ಇಲ್ಲಿಗೆ ಬರುವುದು ಬರೇ ಚಹಾಕ್ಕೆ ಎನ್ನುತ್ತಾನೆ.

ಈ ತಳಿ ಕರ್ನಾಟಕದ ಎಲ್ಲ ಊರುಗಳಲ್ಲೂ ಸಿಗುತ್ತದೆ. ಬೆಂಗಳೂರಿನಲ್ಲಿ ದೋಸೆ, ಮಂಗಳೂರಿನಲ್ಲಿ ಮೀನು, ಧಾರವಾಡದಲ್ಲಿ ಪೇಢೆ ಅದರ ಮೇವು. ಆದರೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಅದು ವಿಶೇಷ ಹುಲುಸಾಗಿದೆ, ಅದಕ್ಕೆ ಕಾರಣವೂ ಇದೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾಲೇಜುಗಳು ಇಲ್ಲಿವೆ. 1963ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು ಇಲ್ಲಿದೆ. ಅವುಗಳ ಸುತ್ತ ವಸತಿಗೃಹಗಳು, ಬಾಡಿಗೆ ಕೋಣೆಗಳು. ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ, ಅವರನ್ನು ಬಿಡಲು ತಾಯಿತಂದೆ ಬರುತ್ತಾರೆ, ಎಲ್ಲಿ ಉಣ್ಣಬೇಕೆಂದು ತಿಳಿಯದ ಅಧ್ಯಾಪಕರೂ ಬರುತ್ತಾರೆ. ಅಜ್ಞಾನಿಗಳ ಸರಬರಾಜು ತಪ್ಪದ ಊರಿನಲ್ಲಿ ಜ್ಞಾನಿಗಳಿಗೆ ಬರವಿರುವುದಿಲ್ಲ. ಒಂದು ಕಡೆ ಹಳೆಯ ಬಾಗಲಕೋಟೆ, ಇನ್ನೊಂದು ಕಡೆ ನವನಗರ; ನಡುವೆ ನಿಂತವನು ಎರಡೂ ಕಡೆ ಕೈ ತೋರಿಸಬಲ್ಲ. ಇಲ್ಲಿನ ವಿವರಗಳಿಗೆ ಮುಖ್ಯ ಆಧಾರ ಒಂದೇ ಮಾದರಿ, ಒಬ್ಬ ನಿವೃತ್ತ ಗುಮಾಸ್ತ. ಶಾಸ್ತ್ರದ ದೃಷ್ಟಿಯಿಂದ ಒಂದು ಮಾದರಿ ಸಾಲದು. ಸಹನೆಯ ದೃಷ್ಟಿಯಿಂದ ಧಾರಾಳ ಸಾಕು.

ಅವನ ಜ್ಞಾನ ಟೊಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಟೊಳ್ಳಾಗಿದ್ದರೆ ನಕ್ಕು ಎದ್ದು ಹೋಗಬಹುದಿತ್ತು. ಗಿರಮಿಟ್ ಎಂಬುದು ಕಾಯಿಸಿದ ಉಳ್ಳಾಗಡ್ಡಿ, ಹುಣಸೆ ಹುಳಿ, ಬೆಲ್ಲದ ಮಸಾಲೆಗೆ ಚುರಮರಿ, ಪುಟಾಣಿ ಹಿಟ್ಟು ಕಲಸಿ ಕೊಡುವ ಪದಾರ್ಥ. ಚುರಮರಿ ಮೆತ್ತಗಾಗುವ ಮೊದಲೇ ತಿಂದು ಮುಗಿಸಬೇಕು. ಆದ್ದರಿಂದ ಗಿರಮಿಟ್ ಪಾರ್ಸಲ್ ಕಟ್ಟಿಸಿಕೊಂಡವರನ್ನು ಅವನು ಮನುಷ್ಯರ ಲೆಕ್ಕದಿಂದ ಕೈಬಿಟ್ಟಿದ್ದಾನೆ. ಮಿರ್ಚಿ ಭಜಿಯನ್ನು ಮೊದಲ ಘಾಣದಲ್ಲಿ ತೆಗೆದುಕೊಳ್ಳಬಾರದು, ಎಣ್ಣೆ ಇನ್ನೂ ಹದಕ್ಕೆ ಬಂದಿರುವುದಿಲ್ಲ; ಮೂರನೆಯದಕ್ಕೆ ಕಾಯಬಾರದು, ಅಷ್ಟರಲ್ಲಿ ಕಾಲೇಜು ಬಿಟ್ಟಿರುತ್ತದೆ. ರೊಟ್ಟಿಯನ್ನು ಹರಿದ ಕೂಡಲೇ ಅದು ಮಾಲದಂಡಿ ಜೋಳದ್ದೋ ಹೈಬ್ರೀಡ್‌ನದೋ ಎಂದು ಹೇಳುತ್ತಾನೆ. ಜೋಳದ ಹಿಟ್ಟಿಗೆ ಗೋದಿಯ ಜಿಗಿ ಇಲ್ಲದ್ದರಿಂದ ಬಿಸಿನೀರಿನಲ್ಲಿ ನಾದಬೇಕೆಂಬುದು ಎಲ್ಲರಿಗೂ ಗೊತ್ತು. ಒಲೆಯ ಹತ್ತಿರ ಹೋಗದೆ, ತಾಟಿನ ಮುಂದೆ ಕೂತೇ ನೀರು ಎಷ್ಟು ಬಿಸಿ ಇತ್ತೆಂದು ಹೇಳುವುದು ಅವನೊಬ್ಬನಿಗೆ ಗೊತ್ತು. ಬಿಸಿ ರೊಟ್ಟಿಗೆ ಎಣ್ಣೆಗಾಯಿ, ಖಟಕ ರೊಟ್ಟಿಗೆ ಕೆನೆಮೊಸರು ಮತ್ತು ಶೇಂಗಾ ಚಟ್ನಿ. ಅದಲುಬದಲು ಮಾಡಿದವರನ್ನು ಏನೂ ಅನ್ನುವುದಿಲ್ಲ, ನೋಡುತ್ತಾನೆ. ಆ ನೋಟಕ್ಕಿಂತ ಬೈಗುಳ ಮೇಲು.

ಅವನ ಅತಿ ದೊಡ್ಡ ಉಪದ್ರವ ಒಂದು ಸಣ್ಣ ವಾಕ್ಯದಲ್ಲಿದೆ: ‘ನನ್ನ ಹೆಸರ ಹೇಳ್ರಿ.’ ಜಗತ್ತಿನ ಹೆಸರಾಂತ ಶಿಫಾರಸಿಗೂ ವಿದ್ಯಾಗಿರಿಯ ಶಿಫಾರಸಿಗೂ ವ್ಯತ್ಯಾಸ ಇಲ್ಲಿ ಶುರುವಾಗುತ್ತದೆ. ಫ್ರಾನ್ಸಿನ ಮಿಷೆಲಿನ್ ಸೋದರರು 1900ರಲ್ಲಿ ಪ್ರಯಾಣಿಕರಿಗೊಂದು ಕೈಪಿಡಿ ಹೊರತಂದರು. ಅವರದು ಟೈರಿನ ಕಂಪನಿ. ಜನ ಹೆಚ್ಚು ಓಡಾಡಿದರೆ ಟೈರು ಬೇಗ ಸವೆಯುತ್ತದೆ. 1926ರಿಂದ ಅವರು ಒಳ್ಳೆಯ ಊಟದ ಮನೆಗಳಿಗೆ ನಕ್ಷತ್ರ ಕೊಡತೊಡಗಿದರು. ಅವರ ಪರೀಕ್ಷಕರು ಗುರುತು ಹೇಳದೆ ಬಂದು, ಉಂಡು, ಬಿಲ್ಲು ಕೊಟ್ಟು ಹೋಗುತ್ತಾರೆ. ವಿದ್ಯಾಗಿರಿಯ ಪರೀಕ್ಷಕನಿಗೆ ಟೈರಿನ ವ್ಯಾಪಾರವಿಲ್ಲ, ಯಾರಿಂದಲೂ ಅವನಿಗೆ ಒಂದು ಪೈಸೆಯ ಲಾಭವಿಲ್ಲ. ಅಡುಗೆಮನೆಯವರೆಗೂ ತನ್ನ ಹೆಸರು ಮುಟ್ಟಬೇಕೆಂಬುದಷ್ಟೇ ಆಸೆ. ತಾನು ಹೋಗಲಾಗದಿದ್ದರೆ ಇನ್ನೊಬ್ಬರ ಬಾಯಲ್ಲಾದರೂ ಹೋಗಬೇಕು.

ಹೀಗೆ ಹೆಸರು ಹೊತ್ತು ಹೋದ ಒಬ್ಬ ಅಧ್ಯಾಪಕನ ಪ್ರಕರಣ ದಾಖಲೆಗೆ ಯೋಗ್ಯವಾಗಿದೆ. ಅವನು ಅನ್ನ–ಸಾರಿನ ಸೀಮೆಯಿಂದ ಬಂದವನು. ಯಾರು ಎಂದು ಹೇಳುವ ಅಗತ್ಯವಿಲ್ಲ; ರೊಟ್ಟಿ ಮುರಿಯಲು ಎರಡೂ ಕೈ ಹಚ್ಚುತ್ತಿದ್ದನೆಂದರೆ ಸಾಕು. ಒಂದು ಶನಿವಾರ ಗುಮಾಸ್ತರು ಅವನ ತಾಟಿನೊಳಗಿನ ರೊಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. ‘ರೊಟ್ಟಿ ತಿನ್ನೂದಾದ್ರ ಬನಶಂಕರಿಗೆ ಹೋಗ್ರಿ. ಹೊಂಡದ ದಂಡಿಗೆ ಒಬ್ಬಾಕಿ ಆಯಿ ಬುಟ್ಟಿ ಇಟಗೊಂಡು ಕುಂತಿರ್ತಾಳ. ಅಕಿ ಕೈಯಾಗಿನ ರೊಟ್ಟಿ ಉಣದ ಈ ಜಿಲ್ಲಾದಾಗ ಇದ್ದು ಏನ ಉಪಯೋಗ? ನನ್ನ ಹೆಸರ ಹೇಳ್ರಿ.’ ಗುರುತು ಕೇಳಿದಾಗ, ತಡವರಿಸದೆ ಹೇಳಿದರು: ‘ಇಳಕಲ್ಲ ಸೀರಿ ಉಟ್ಟಿರ್ತಾಳ.’

ಬನಶಂಕರಿ ಬಾದಾಮಿಯಿಂದ ಐದು ಕಿಲೋಮೀಟರಿನಷ್ಟು ದೂರ. ಅಲ್ಲಿನ ದೇವಿ ಶಾಕಂಬರಿ, ತರಕಾರಿಯ ತಾಯಿ; ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಪಲ್ಲೇದ ಹಬ್ಬದಲ್ಲಿ ಅವಳಿಗೆ 108 ಬಗೆಯ ಪಲ್ಯದ ನೈವೇದ್ಯ ಆಗುತ್ತದೆ. ಗುಡಿಯ ಮುಂದಿನ ಹೊಂಡದ ಸುತ್ತ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳು ರೊಟ್ಟಿ ಬುಟ್ಟಿ ಇಟ್ಟುಕೊಂಡು ಕೂರುವುದು ಹಳೆಯ ರೂಢಿ: ಜೋಳದ ರೊಟ್ಟಿ, ಬದನೆಕಾಯಿ, ಕಾಳುಪಲ್ಯ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಮೊಸರು. ರವಿವಾರ ಮುಂಜಾನೆ ಅಧ್ಯಾಪಕ ರೈಲು ಹತ್ತಿ, ಬಾದಾಮಿಯಲ್ಲಿ ಇಳಿದು, ಟಂಟಂ ಹಿಡಿದು ಹೊಂಡದ ದಂಡೆಗೆ ಬಂದು ನೋಡಿದರೆ, ಇಳಕಲ್ ಸೀರೆ ಉಡದ ಆಯಿ ಒಬ್ಬಳೂ ಇರಲಿಲ್ಲ. ಹುನಗುಂದದಾಚೆಯ ಆ ಊರಿನ ಮಗ್ಗಗಳು ನೇಯ್ದದ್ದೆಲ್ಲ ಅಲ್ಲೇ ಬಂದು ಕೂತಂತಿತ್ತು. ಟೋಪೆ ತೆನೆಯ ಕೆಂಪು ಸೆರಗು ಎಡಕ್ಕೂ ಬಲಕ್ಕೂ.

ಉಳಿದದ್ದು ಹೆಸರು. ಮೊದಲ ಬುಟ್ಟಿಯವಳಿಗೆ ಹೆಸರು ಹೇಳಿದ. ‘ಹೌದೌದು, ನಮ್ಮಣ್ಣಾರು, ಕುಂದ್ರಪಾ’ ಎಂದು ಅವಳು ರೊಟ್ಟಿ ತೆಗೆದಳು. ಅನುಮಾನ ಬಂದು ಎರಡನೆಯವಳಿಗೆ ಹೇಳಿದ. ‘ಅವರನ್ನ ಅರೀದವ್ರು ಯಾರು? ಬಾ, ಉಣ್ಣು.’ ಮೂರನೆಯವಳು ಹೆಸರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಗುಮಾಸ್ತರ ಮೊಮ್ಮಕ್ಕಳ ಕ್ಷೇಮ ವಿಚಾರಿಸಿದಳು. ಅಷ್ಟು ಹೊತ್ತಿಗೆ ಹಸಿವೆಯೇ ತೀರ್ಪು ಕೊಟ್ಟಿತು. ಅವನು ಹತ್ತಿರದ ಬುಟ್ಟಿಯ ಮುಂದೆ ಕೂತು ಉಂಡ, ಮತ್ತೆ ಹಾಕಿಸಿಕೊಂಡು ಉಂಡ, ಕುಡಿಕೆಯ ತಳದ ಮೊಸರನ್ನು ಬೆರಳಿನಿಂದ ಬಳಿದು ನೆಕ್ಕಿದ. ಬಾಗಲಕೋಟೆಗೆ ಬಂದ ಮೇಲೆ ಅಷ್ಟು ಚಲೋ ಊಟ ಮಾಡಿರಲಿಲ್ಲ.

ಸೋಮವಾರ ವಿಚಾರಣೆ ನಡೆಯಿತು.

‘ಗುರೆಳ್ಳು ಚಟ್ನಿ ಹಾಕಿದ್ಳೇನು?’

‘ಇಲ್ಲ, ಶೇಂಗಾ ಚಟ್ನಿ.’

‘ಹಂಗಾರ ಅಕಿ ಅಲ್ಲ ಬಿಡ್ರಿ.’ ಗುಮಾಸ್ತರ ಮುಖದಲ್ಲಿ ಸಾವಿನ ಸುದ್ದಿ ತಿಳಿಸುವವರ ಗಾಂಭೀರ್ಯ. ‘ನೀವು ಬ್ಯಾರೇದಾಕಿ ಕಡೆ ಉಂಡೀರಿ.’

ಶಿಫಾರಸುಗಾರನ ಶಕ್ತಿ ಎಂಥದ್ದೆಂದರೆ, ಉಂಡು ಕರಗಿದ ಊಟವನ್ನೂ ಅವನು ಕೆಡಿಸಬಲ್ಲ. ಆ ಗಳಿಗೆಯವರೆಗೆ ನಾಲಿಗೆಯ ಮೇಲಿದ್ದ ರುಚಿ ಎರಡನೇ ದರ್ಜೆಗೆ ಇಳಿಯಿತು. ಅಧ್ಯಾಪಕ ಮುಂದೆ ಗುರೆಳ್ಳು ಚಟ್ನಿಯ ಆಯಿಯನ್ನು ಹುಡುಕಿಕೊಂಡು ಹೋದದ್ದುಂಟು. ಕೇಳಿದರೆ ಎಲ್ಲರ ಬುಟ್ಟಿಯಲ್ಲೂ ಗುರೆಳ್ಳು ಚಟ್ನಿ ಇರುತ್ತಿತ್ತು.

ಸಿಹಿಯ ವಿಷಯದಲ್ಲಿ ಅವನ ನಿಯಮ ಸರಳ: ಯಾವುದನ್ನೂ ಇದ್ದ ಊರಿನಲ್ಲಿ ಕೊಳ್ಳಬಾರದು. ಕರದಂಟು ಬೇಕಾದರೆ ಅಮೀನಗಡಕ್ಕೇ ಹೋಗಬೇಕು. ಅಂಟನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುವ ಈ ಸಿಹಿಗೆ ಗೋಕಾಕದ ಹೆಸರೂ ಇದೆ; ಆದರೆ ಅವನೆದುರಿಗೆ ಗೋಕಾಕದ ಹೆಸರೆತ್ತಿದರೆ ಆ ದಿನದ ಉಳಿದ ಕೆಲಸಗಳನ್ನು ಬಿಟ್ಟಂತೆಯೇ. ಬಾಗಲಕೋಟೆಯ ಅಂಗಡಿಯಲ್ಲಿ ಸಿಗುವ ಅಮೀನಗಡದ ಕರದಂಟೂ ಅವನಿಗೆ ಆಗದು, ದಾರಿಯಲ್ಲಿ ಬಸ್ಸಿನ ಕುಲುಕಾಟಕ್ಕೆ ಅದರ ಹದ ಹೋಗಿರುತ್ತದಂತೆ. ಸ್ವತಃ ಹೋಗಿ ತಂದರೆ ಅದೂ ಅದೇ ಬಸ್ಸಿನಲ್ಲಿ ಬರುತ್ತದಲ್ಲ ಎಂಬ ಪ್ರಶ್ನೆಗೆ ಉತ್ತರ ‘ತೊಡಿ ಮ್ಯಾಗ ಇಟಗೊಂಡು ತರಬೇಕ್ರಿ’ ಎಂದು. ತಂದು ಮುಂದಿಟ್ಟರೆ ಒಂದು ಚೂರು ಮುರಿದು ಮೂಸಿ ನೋಡಿ ಮರಳಿ ಇಡುತ್ತಾನೆ. ಅವನಿಗೆ ಸಕ್ಕರೆ ಕಾಯಿಲೆ.

ಸಾವಜಿ ಖಾನಾವಳಿಗಳ ಬಗ್ಗೆ ಅವನ ಶಿಫಾರಸು ಪಿಸುಮಾತಿನಲ್ಲಿರುತ್ತದೆ. ಅಲ್ಲಿನ ಖೀಮಾ ಉಂಡೆಯ ಖಾರ, ಎಣ್ಣೆಯ ಬಣ್ಣ ಎಲ್ಲವನ್ನೂ ಬಣ್ಣಿಸಿ, ‘ನಾ ಉಣ್ಣಂಗಿಲ್ರಿ, ಮಂದಿ ಹೇಳ್ತಾರ’ ಎಂದು ಮುಗಿಸುತ್ತಾನೆ. ಇಲ್ಲಿ ಮಾತ್ರ ಹೆಸರು ಹೇಳಬಾರದೆಂಬ ತಾಕೀತು ಇರುತ್ತದೆ.

ಇನ್ನು ಮುಳುಗಡೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಜನ ನವನಗರಕ್ಕೆ ಬಂದರು. ನವನಗರ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ಊರು: ಅಗಲ ರಸ್ತೆಗಳು, ಸಂಖ್ಯೆ ಹೊತ್ತ ಸೆಕ್ಟರುಗಳು. ಓಣಿ, ಅಗಸಿ, ಕಟ್ಟೆ ಎಂದು ದಾರಿ ಹೇಳಿ ಬೆಳೆದವರ ಬಾಯಿಗೆ ಸಂಖ್ಯೆ ಬರಲಿಲ್ಲ. ಆಗ ನೆರವಿಗೆ ಬಂದವನು ಶಿಫಾರಸುಗಾರ. ಆ ಚಹಾದಂಗಡಿಯ ಎಡಕ್ಕೆ ದವಾಖಾನೆ, ಈ ಭಜಿ ಗಾಡಿಯ ಹಿಂದೆ ಬ್ಯಾಂಕು ಎಂದು ಅವನು ಅಂಕಿಗಳ ಊರಿಗೆ ಗುರುತು ಹಚ್ಚಿದ. ತಿನ್ನುವುದಕ್ಕಲ್ಲದೆ ವಿಳಾಸ ಕೇಳುವುದಕ್ಕೂ ಜನ ಅವನ ಹತ್ತಿರ ಹೋಗುತ್ತಾರೆ. ವಿಳಾಸದ ಜೊತೆಗೆ ಒಂದು ತಿಂಡಿಯನ್ನೂ ಹೊತ್ತು ಮರಳುತ್ತಾರೆ.

ಮುಳುಗಡೆ ಅವನಿಗೆ ಮಾಡಿದ ಇನ್ನೊಂದು ಉಪಕಾರ ವಿಚಿತ್ರವಾದದ್ದು. ಅವನ ಮೇಲ್ದರ್ಜೆಯ ಶಿಫಾರಸುಗಳೆಲ್ಲ ಈಗ ನೀರಿನಡಿಯಲ್ಲಿವೆ. ‘ಆ ಓಣ್ಯಾಗ ಒಂದು ಖಾನಾವಳಿ ಇತ್ತು’ ಎಂದು ಅವನು ಶುರುಮಾಡಿದರೆ ಯಾರೂ ಹೋಗಿ ಪರೀಕ್ಷಿಸುವಂತಿಲ್ಲ. ಅಲ್ಲಿನ ಹುಗ್ಗಿ, ಅಲ್ಲಿನ ಪುಂಡಿಪಲ್ಯ, ಹೋಳಿಯ ದಿನಗಳಲ್ಲಿ ಬಣ್ಣ ಮೆತ್ತಿದ ಕೈಯಲ್ಲೇ ಬಂದು ಕೂರುತ್ತಿದ್ದ ಹಲಗೆಯವರು, ಲೆಕ್ಕ ಬರೆಯದೆ ಉದ್ರಿ ಕೊಡುತ್ತಿದ್ದ ಮಾಲೀಕ. ಇವನ್ನು ಹೇಳುವಾಗ ‘ಹೋಗ್ರಿ’ ಎಂಬ ಮಾತು ಬರುವುದಿಲ್ಲ, ಹೆಸರು ಹೇಳೆಂಬ ತಾಕೀತೂ ಇಲ್ಲ. ಇದೊಂದೇ ಹೊತ್ತಿನಲ್ಲಿ ಅವನನ್ನು ಕೇಳುತ್ತ ಕೂರಬಹುದು, ಚಹಾ ಆರಿದರೂ ಅಡ್ಡಿಯಿಲ್ಲ. ಈಗ 519.60 ಮೀಟರಿಗೆ ನಿಲ್ಲುವ ನೀರನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿದರೆ ಎಷ್ಟು ಎಕರೆ ಹೋಗುತ್ತದೆ, ಪರಿಹಾರ ಎಷ್ಟು ಎಂದು ಊರೆಲ್ಲ ಲೆಕ್ಕ ಹಾಕುತ್ತದೆ. ಶಿಫಾರಸುಗಾರನ ಲೆಕ್ಕದಲ್ಲಿ ಇರುವುದು ಎರಡು ಚಹಾದಂಗಡಿ, ಒಂದು ಭಜಿ ಗಾಡಿ. ಅಷ್ಟರೊಳಗೆ ಹೋಗಿ ತಿಂದು ಬರಬೇಕೆಂದು ಹೊಸಬರಿಗೆ ಗಡುವು ಕೊಡುತ್ತಾನೆ.

ಕೊನೆಯದು ಪಥ್ಯ. ಶಿಫಾರಸುಗಾರನಿಂದ ಪಾರಾಗಲು ಜನ ಕಂಡುಕೊಂಡ ಉಪಾಯಗಳಲ್ಲಿ ಹೆಚ್ಚಿನವು ನಿಷ್ಫಲ. ಹೋಗದೆಯೇ ‘ಹೋಗಿದ್ದೆ, ಚಲೋ ಇತ್ತು’ ಎಂದರೆ ಪಾಟೀಸವಾಲಿಗೆ ಸಿಕ್ಕಿಬೀಳುತ್ತಾರೆ. ಮರುಶಿಫಾರಸು ಮಾಡಿ ನೋಡಿದರೆ ಅವನದು ಒಂದೇ ಉತ್ತರ: ‘ಅದು ಮೊದಲ ಚಲೋ ಇತ್ತು.’ ಮೊನ್ನೆ ತೆರೆದ ಅಂಗಡಿಗೂ ಇದೇ ಉತ್ತರ. ಪರಿಣಾಮ ಕಂಡದ್ದು ಒಂದೇ ಮದ್ದು, ಅದೂ ಮೇಲೆ ಹೇಳಿದ ಅಧ್ಯಾಪಕನಿಂದ ಆಕಸ್ಮಿಕವಾಗಿ ಪತ್ತೆಯಾದದ್ದು. ಅವನು ಬೇಸತ್ತು, ‘ನಿಮ್ಮ ಮನ್ಯಾಗ ಹೆಂಗಿರತೈತ್ರಿ ಊಟ?’ ಎಂದು ಕೇಳಿದ. ಗುಮಾಸ್ತರು ತುಸು ಹೊತ್ತು ಸುಮ್ಮನಿದ್ದು, ಬೇರೆ ದಾರಿ ಕಾಣದೆ ಊಟಕ್ಕೆ ಕರೆದರು.

ಬಿಸಿ ರೊಟ್ಟಿ ಒಂದೊಂದಾಗಿ ಒಳಗಿನಿಂದ ಬರುತ್ತಿತ್ತು. ಎಣ್ಣೆಗಾಯಿ, ಮಡಿಕೆಕಾಳು, ಸೌತೆಕಾಯಿ, ಬೆಣ್ಣೆ. ಗುರೆಳ್ಳು ಚಟ್ನಿಯೂ ಇತ್ತು. ಅತಿಥಿ ಮಾತಾಡದೆ ಉಣ್ಣುತ್ತಿದ್ದುದನ್ನು ಕಂಡು ಗುಮಾಸ್ತರಿಗೆ ತಡೆಯಲಾಗಲಿಲ್ಲ. ‘ಇದೇನಲ್ಲ ಬಿಡ್ರಿ. ಬನಶಂಕರ್ಯಾಗ ಅಕಿ ರೊಟ್ಟಿ...’

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

‘ನಾಳಿಂದ ಅಲ್ಲೇ ಹೋಗ್ರಿ ಉಣ್ಣಾಕ’ ಎಂದು ಅಡುಗೆಮನೆಯಿಂದ ಧ್ವನಿ ಬಂತು. ‘ನನ್ನ ಹೆಸರ ಹೇಳ್ರಿ.’