ಮಿಲಿಟರಿ ಒಲಿ

ಕನ್ನೊಳ್ಳಿ ಕಡೆ ಹೊಲದಲ್ಲಿ ಒಲೆ ಹೂಡುವವರು ಕಟ್ಟಿಗೆಗಿಂತ ಮೊದಲು ಗಾಳಿಯನ್ನು ನೋಡುತ್ತಾರೆ. ಸಿಂದಗಿ ತಾಲ್ಲೂಕಿನ ಈ ಎರೆಭೂಮಿಯಲ್ಲಿ ಅದನ್ನು ತಡೆಯುವ ಗುಡ್ಡವಿಲ್ಲ, ಕಾಡಿಲ್ಲ. ಬದುವಿನ ಮೇಲೆ ಒಂದು ಬನ್ನಿ, ಅತ್ತ ಎರಡು ಜಾಲಿ. ಅವೂ ಗಾಳಿ ಬಂದರೆ ತಲೆಬಾಗಿ ದಾರಿ ಬಿಡುವ ಸ್ವಭಾವದವು. ಎಷ್ಟೋ ಹೊಲಗಳಲ್ಲಿ ಒಲೆಗೆ ಮೂರು ಕಲ್ಲು ಹುಡುಕುವುದೂ ಕಷ್ಟ. ಅದಕ್ಕೇ ಮೂರು ಹೆಂಟೆ ಇಟ್ಟು, ನಡುವೆ ತೊಗರಿ ಕಟ್ಟಿಗೆ ತುರುಕಿ, ಗಾಳಿ ಬರುವ ದಿಕ್ಕಿಗೆ ಒಬ್ಬರನ್ನು ಕುಳ್ಳಿರಿಸಿಬಿಟ್ಟರೆ ಒಲೆ ತಯಾರು. ಉಂಡಾದ ಮೇಲೆ ನೀರು ಚಿಮುಕಿಸಿ ಕಾಲಿನಿಂದ ಒಮ್ಮೆ ತಳ್ಳಿದರೆ ಒಲೆ ಮತ್ತೆ ಹೊಲವಾಗುತ್ತದೆ.

ಇಂಥ ಊರಿಗೆ ನಾನು ಸ್ವೀಡನ್ ಸೈನ್ಯದ ಸ್ಪಿರಿಟ್ ಒಲೆ ತಂದೆ. ಪುಣೆಯಲ್ಲಿ ಬುಧವಾರ, ಭಾನುವಾರ ಕೂಡುವ ಜುನಾ ಬಾಜಾರಿನಲ್ಲಿ, ಕೈಕೊಟ್ಟ ಗಡಿಯಾರಗಳ ಮತ್ತು ಜೋಡಿ ತಪ್ಪಿದ ಬೂಟುಗಳ ನಡುವೆ ಅದು ಕೂತಿತ್ತು. ಮೇಲೆ ಮೂರು ಕಿರೀಟಗಳ ಮುದ್ರೆ. ಮಾರುವವನಿಗೆ ಅದು ಏನೆಂದು ಗೊತ್ತಿರಲಿಲ್ಲ. ಮಿಲಿಟರಿ ಸಾಮಾನು ಎಂದಷ್ಟೇ ಗೊತ್ತಿತ್ತು, ಬೆಲೆ ಏರಿಸಲು ಅಷ್ಟು ಸಾಕಾಯಿತು. ಸೈನ್ಯಗಳು ಯುದ್ಧಕ್ಕೆಂದು ರಾಶಿ ರಾಶಿ ಮಾಡಿಸಿಟ್ಟ ಸಾಮಾನು ಯುದ್ಧ ಬಾರದೆ ಉಳಿದು ಸಂತೆಗೆ ಬರುತ್ತದೆ. ಶಾಂತಿಯಿಂದ ಬಡವರಿಗೂ ಒಂದಿಷ್ಟು ಲಾಭವಿದೆ.

ಈ ಮಾದರಿಗೆ ಎಂ-40 ಎಂದು ಹೆಸರು, 1940ರದು. ಒಂದು ಪಾತ್ರೆ, ಬಾಣಲೆಯೂ ಆಗುವ ಮುಚ್ಚಳ, ಗಾಳಿಗೆ ಮರೆಯಾಗುವ ತಗಡಿನ ಕವಚ, ಮುಷ್ಟಿಯಲ್ಲಿ ಅಡಗುವ ಹಿತ್ತಾಳೆಯ ಬರ್ನರ್. ಎಲ್ಲವೂ ಒಂದರೊಳಗೊಂದು ಕೂತು ಒಂದೇ ಗಂಟಾಗುತ್ತದೆ. ಇಂಥ ಬರ್ನರಿಗೆ ಹೆಸರಾದದ್ದು 1925ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಟ್ರಾಂಜಿಯಾ ಕಂಪನಿ. ನಮ್ಮ ಮನೆಗಳಲ್ಲಿ ಭರ್ರ್ ಎಂದು ಸದ್ದು ಮಾಡುತ್ತಿದ್ದ ಪಂಪ್ ಸ್ಟೋವಿನ ಮೂಲವೂ ಅದೇ ದೇಶ, 1892ರ ಪ್ರೈಮಸ್. ಅದರ ತಲೆ ಕಾಯಿಸಲು ಬಟ್ಟಲಿಗೆ ಚೂರು ಸ್ಪಿರಿಟ್ ಹಾಕುತ್ತಿದ್ದೆವಲ್ಲ, ಆ ಚೂರನ್ನೇ ಇಡೀ ಅಡುಗೆಗೆ ದುಡಿಸಿಕೊಂಡಿದ್ದಾರೆ ಇಲ್ಲಿ. ಪಂಪಿಲ್ಲ, ಪಿನ್ ಹಾಕಿ ಚುಚ್ಚುವ ಕೆಲಸವಿಲ್ಲ, ಕೆಡಲು ಏನೂ ಇಲ್ಲ.

ಬರ್ನರಿಗೆ ಎರಡು ಗೋಡೆ. ಸ್ಪಿರಿಟ್ ಸುರಿದು ಕಡ್ಡಿ ಗೀರಿದರೆ ಮೊದಲು ನಡುವೆ ಒಂದು ಸೋಮಾರಿ ಉರಿ ಏಳುತ್ತದೆ. ಅರ್ಧ, ಒಂದು ನಿಮಿಷ ಕಾಯಬೇಕು. ಹಿತ್ತಾಳೆ ಕಾದು, ಗೋಡೆಗಳ ಸಂದಿಯಲ್ಲಿದ್ದ ಸ್ಪಿರಿಟ್ ಕುದ್ದು, ಅದರ ಆವಿ ಅಂಚಿನ ಸಣ್ಣ ಸಣ್ಣ ತೂತುಗಳಿಂದ ಹೊರಬಂದು ಸುತ್ತಲೂ ನೀಲಿ ಸೇವಂತಿಯ ಹಾಗೆ ಅರಳುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ನೂರು ಎಂ.ಎಲ್. ಹಾಕಿದರೆ ಸುಮಾರು ಇಪ್ಪತ್ತೈದು ನಿಮಿಷ ಉರಿಯುತ್ತದೆ. ಗಾಳಿ ಇಲ್ಲದಿದ್ದರೆ ಒಂದು ಲೀಟರ್ ನೀರು ಹತ್ತು ನಿಮಿಷದಲ್ಲಿ ಕುದಿಯುತ್ತದೆ. ಆದರೆ ಬಿಸಿಲಿನಲ್ಲಿ ಆ ಉರಿ ಕಣ್ಣಿಗೇ ಕಾಣುವುದಿಲ್ಲ. ಆರಿತೆಂದು ಮೇಲಿಂದ ಮತ್ತೆ ಸುರಿದರೆ ಬಾಟಲಿಗೇ ಬೆಂಕಿ. ಕೈಯನ್ನು ಮೇಲೆ, ಬಲು ಮೇಲೆ ಹಿಡಿದು ಕಾವು ನೋಡಬೇಕು, ಪೂರ್ತಿ ತಣ್ಣಗಾದ ಮೇಲೇ ತುಂಬಬೇಕು. ಕನ್ನೊಳ್ಳಿಯ ಮೇ ತಿಂಗಳಲ್ಲಿ ಯಾವುದು ತಣ್ಣಗಾಯಿತೆಂದು ಹೇಳುವುದು ಸುಲಭವಲ್ಲ.

ಸ್ಪಿರಿಟ್ ತರುವುದು ಇನ್ನೊಂದು ಪುರಾಣ. ಔಷಧದ ಅಂಗಡಿಯಲ್ಲಿ ಒಂದು ಬಾಟಲಿ ಕೇಳಿದರೆ ಗಾಯ ಎಲ್ಲಿ ಎಂದರು. ನಾಲ್ಕು ಕೇಳಿದಾಗ ನನ್ನ ಮುಖವನ್ನೂ ಕಣ್ಣನ್ನೂ ಪರೀಕ್ಷಿಸಿದರು. ಅಡುಗೆಗೆ ಎಂದೆ. ಸಂಶಯ ಇನ್ನೂ ಗಟ್ಟಿಯಾಯಿತು. ಅವರನ್ನೂ ಅನ್ನುವಂತಿಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತ ರಾಜ್ಯ ಇದು. ಆದರೂ ವಿಚಿತ್ರ ನೋಡಿ: ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡೇ ಅರ್ಧ ಚಳಿಗಾಲ ಕಳೆಯುತ್ತದೆ. ಆ ಕಬ್ಬಿನ ಕಾಕಂಬಿಯಿಂದಲೇ ಸ್ಪಿರಿಟ್ ಹುಟ್ಟುವುದು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೆರೆಯಿತು. ಮೋಟರ್‌ಸೈಕಲ್ಲಿಗೆ ಲೀಟರುಗಟ್ಟಲೆ ಕುಡಿಸಬಹುದು, ಚಹಾದ ಒಲೆಗೆ ಬೇಕೆಂದರೆ ಗಾಯ ತೋರಿಸಬೇಕು. ಕಬ್ಬಿಲ್ಲದ ಸ್ವೀಡನ್ನಿನವರು ಯುದ್ಧಕಾಲದಲ್ಲಿ ಕಾಗದದ ತಿರುಳು ಮಾಡುವ ಗಿರಣಿಗಳ ಕೊಳೆನೀರಿನಿಂದ ಸ್ಪಿರಿಟ್ ಇಳಿಸುತ್ತಿದ್ದರು. ಯಾರ ಮನೆಯ ಕಸವೋ ಅವರ ಒಲೆಯ ಎಣ್ಣೆ.

ಊರಿನ ನಿವೃತ್ತ ಸುಬೇದಾರರಿಗೆ ತೋರಿಸಿದೆ. ಹಳೆಯ ನೆಂಟರ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿಯುತ್ತಾರೆಂದು ಎಣಿಸಿದ್ದೆ. ಅವರು ತಿರುಗಿಸಿ ನೋಡಿ, “ನಮ್ಮ ಫೌಜಿನ್ಯಾಗ ಇದು ಇರಲಿಲ್ಲ. ಬಿಳಿ ಗುಳಿಗಿ ಕೊಡ್ತಿದ್ರು, ತಗಡಿನ ಸಣ್ಣ ಒಲ್ಯಾಗ ಇಟ್ಟು ಹಚ್ಚೋದು” ಅಂದರು. ಹೆಕ್ಸಮಿನ್ ಗುಳಿಗೆ. ಅದರ ಮೇಲೆ ಬಿಸಿ ಮಾಡಿಕೊಳ್ಳುವ ಸಿದ್ಧ ಊಟದ ಪೊಟ್ಟಣಗಳ ಹಿಂದೆ ನಮ್ಮ ಮೈಸೂರೇ ಇದೆ. 1961ರಲ್ಲಿ ಅಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಕೆಲಸವೇ ಅದು. “ರುಚಿ ಹೆಂಗಿತ್ರಿ?” ಎಂದೆ. “ಹಸಿವಿತ್ತು” ಎಂದರು.

ಹೊಲದಲ್ಲಿ ನನ್ನ ಒಲೆಯ ಪರೀಕ್ಷೆ ನಡೆದದ್ದು ಎಳ್ಳಮಾಸಿಯ ದಿನ. ನಿಜ ಹೇಳಬೇಕೆಂದರೆ ಅವತ್ತು ಹೊಲದಲ್ಲಿ ಅಡುಗೆಯ ಅಗತ್ಯವೇ ಇರುವುದಿಲ್ಲ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಮನೆಯಿಂದಲೇ ಬುಟ್ಟಿಯೇರಿ ಬರುತ್ತದೆ. ಪೂಜೆ ಮಾಡಿ, ಚರಗ ಚೆಲ್ಲಿ, ಜೋಳದ ತೆನೆಗಳ ನಡುವೆ ಕೂತು ಉಂಡು, ಅಲ್ಲೇ ಅಡ್ಡಾಗುವುದು. ನನ್ನ ಒಲೆಗೆ ಉಳಿದದ್ದು ಊಟದ ಮೇಲಿನ ಚಹಾ. ಕವಚದ ತೂತುಗಳನ್ನು ಗಾಳಿಗೆ ಮುಖ ಮಾಡಿ ಹೊಂದಿಸಿ, ಪಾತ್ರೆ ಇಟ್ಟೆ. ಉರಿ ಕಾಣದು, ಸದ್ದು ಕೇಳದು. ಸುತ್ತ ನಿಂತವರಿಗೆ ನಾನು ತಣ್ಣೀರಿಗೆ ಕಾವಲು ಕೂತಂತೆ ಕಂಡಿರಬೇಕು.

“ಹಚ್ಚೀಯೇನೋ?” ಎಂದ ಕಾಕಾ.

“ಹಚ್ಚೇನಿ ಕಾಕಾ. ಉರೀಲಿಕತ್ತದ.”

“ಹೊಗಿನ ಇಲ್ಲಲೋ. ಹೊಗಿ ಇಲ್ಲಂದ್ರ ಬಾಜೂ ಹೊಲದವ್ರಿಗೆ ಚಾ ಆಗ್ಲಿಕತ್ತದಂತ ಹೆಂಗ ತಿಳೀಬೇಕು?”

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸೈನಿಕನ ಒಲೆಯ ದೊಡ್ಡ ಗುಣವೇ ವೈರಿಗೆ ಹೊಗೆ ಕಾಣದಿರುವುದು. ನಮ್ಮಲ್ಲಿ ಹೊಗೆಯೇ ಕರೆಯೋಲೆ. ಹೊಗೆ ಕಾಣದಿದ್ದರೂ ಬಾಜೂ ಹೊಲದವರು ಬಂದರು, ಅದು ಬೇರೆ ಮಾತು. ಪಾತ್ರೆಯಲ್ಲಿ ಹಿಡಿಯುವುದು ಒಬ್ಬ ಸೈನಿಕನ ಊಟ. ಬಂದವರು ಹನ್ನೊಂದೋ ಹನ್ನೆರಡೋ. ಮೂರು ಸಲ ಕುದಿಸಬೇಕಾಯಿತು, ನಡುನಡುವೆ ಬರ್ನರ್ ತಣಿಯಲೆಂದು ಕಾಯಬೇಕಾಯಿತು. ಮೊದಲು ಕುಡಿದವರಿಗೆ ಮತ್ತೆ ಚಹಾದ ಹೊತ್ತಾಗಿತ್ತು.

ಕಾಕಾ ಅಷ್ಟಕ್ಕೇ ಬಿಡಲಿಲ್ಲ. “ಎಷ್ಟ ಮಂದಿಗಂತ ಮಾಡ್ಯಾರಿದನ್ನ?”

“ಒಬ್ಬರಿಗೆ.”

“ಒಬ್ಬಂವಗ ಒಂದ ಒಲಿ ಅಂದ್ರ, ಮನ್ಯಾಗ ಜಗಳಾಡಿ ಬ್ಯಾರಿ ಆದಂವಂದೇನು?”

ನಮ್ಮ ಕಡೆ ಅಣ್ಣತಮ್ಮಂದಿರ ಪಾಲು ತಹಶೀಲ್ದಾರ ಕಚೇರಿಯಲ್ಲಿ ಆಗುವುದು ತಡವಾಗಿ. ಮೊದಲು ಆಗುವುದು ಒಲೆಯಲ್ಲಿ. ಮನೆಯಲ್ಲಿ ಎರಡನೆಯ ಒಲೆ ಹೊತ್ತಿತೆಂದರೆ ಓಣಿಯಲ್ಲಿ ಸುದ್ದಿ. ಅಂಥ ಊರಿನಲ್ಲಿ, ಹಬ್ಬದ ದಿನ, ಮನೆಮಂದಿಯ ನಡುವೆ ನಾನು ಒಬ್ಬನದೇ ಒಲೆ ಹೂಡಿಕೊಂಡು ಕೂತಿದ್ದೆ. ವೈನಿಯವರು ಕಾಕಾನ ಮಾತು ಕೇಳಿ ಕಿಸಕ್ಕನೆ ನಕ್ಕರು.

ಅವರೇ ಒಮ್ಮೆ ಅದರ ಮೇಲೆ ಜೋಳದ ರೊಟ್ಟಿ ಬೇಯಿಸಿಯೂ ನೋಡಿದರು. ಸ್ಪಿರಿಟ್ಟಿನ ಕಾವು ಸೀಮೆಎಣ್ಣೆಯದಕ್ಕಿಂತ ತೂಕಕ್ಕೆ ತೂಕ ಬಹಳ ಕಡಿಮೆ, ಹತ್ತಿರಹತ್ತಿರ ನೂರಕ್ಕೆ ಅರವತ್ತು. ಆ ಕಾವೂ ಹಂಚಿನ ನಡುವಿಗಷ್ಟೇ. ರೊಟ್ಟಿ ನಡುವೆ ಕರ್ರಗೆ, ಅಂಚಿಗೆ ಹಸಿಹಿಟ್ಟು. ಕೆಂಡವಿಲ್ಲದ್ದರಿಂದ ಉಬ್ಬುವ ಮಾತೇ ಇಲ್ಲ. “ಸ್ವೀಡನ್ನಿನ್ಯಾಗ ರೊಟ್ಟಿ ತಿನ್ನಂಗಿಲ್ಲೇನು ಹಂಗಾದ್ರ?” ಎಂದು ಕೇಳಿದರು. ಪಾಪ, ಅನುಕಂಪವೇ ಇತ್ತು ಆ ದನಿಯಲ್ಲಿ.

ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದ್ದ ಅಜ್ಜನೊಬ್ಬನಿಗೂ ಒಲೆ ತೋರಿಸಿದ್ದೆ. ಬಯಲಿನಲ್ಲಿ ಅಡುಗೆ ಮಾಡುವುದರಲ್ಲಿ ಕುರಿಗಾರರನ್ನು ಮೀರಿಸಿದವರಿಲ್ಲ. ಸ್ವೀಡನ್ ಸೈನಿಕ ಕವಾಯತಿಗೆ ಹೊರಬಿದ್ದರೆ ಇವರು ವರ್ಷದ ಬಹುಪಾಲು ಹೊರಗೇ. ಅಜ್ಜ ಬರ್ನರನ್ನು ಮೂಸಿ ನೋಡಿ, “ಎಣ್ಣಿ ಮುಗದ್ರ?” ಎಂದ. ಸಿಂದಗಿಗೆ ಹೋಗಬೇಕು ಎಂದೆ. ಅವನು ಏನೂ ಅನ್ನದೆ ಕೂತಲ್ಲಿಂದಲೇ ಕೈಚಾಚಿ ಎರಡು ತೊಗರಿ ಕಟ್ಟಿಗೆ ಎಳೆದು ತನ್ನ ಒಲೆಗೆ ಹಾಕಿದ.

ಈಗ ಆ ಒಲೆ ಮನೆಯ ತುಂಬ ಹಂಚಿಹೋಗಿದೆ. ಪಾತ್ರೆಯಲ್ಲಿ ಹಾಲು ಕಾಯುತ್ತದೆ. ಮುಚ್ಚಳದಲ್ಲಿ ಗುರೆಳ್ಳು ಹಿಂಡಿ. ಗಾಳಿಮರೆಯ ಕವಚ ಕಾರ್ತಿಕದಲ್ಲಿ ತುಳಸಿಕಟ್ಟೆಯ ದೀಪ ಕಾದಿತು, ನಾನು ಮಾಡಿದ ಚಹಾಕ್ಕಿಂತ ಚೆನ್ನಾಗಿಯೇ. ಬರ್ನರೊಂದು ನನ್ನ ಹತ್ತಿರ ಉಳಿದಿದೆ, ಅದರ ಮೇಲೂ ಕಾಕಾನ ಕಣ್ಣು ಬಿದ್ದಿದೆ. ಅದರ ಮುಚ್ಚಳ ತಿರುಪಿನದು, ಒಳಗೆ ರಬ್ಬರಿನ ಉಂಗುರ, ಒಳಗಿದ್ದದ್ದು ಆರುವುದಿಲ್ಲ. ತಂಬಾಕಿನ ಸುಣ್ಣ ಇಡಲು ಇದಕ್ಕಿಂತ ಬರೋಬ್ಬರಿ ಡಬ್ಬಿ ಸಿಂದಗಿ ಸಂತೆಯಲ್ಲಿಯೂ ಸಿಗದಂತೆ.