ಕರಿ ಬಿಲ್ಲೆ ಯಾವ ಊರಿಗೆ?

ಹುಣಸೆ ಬೀಜದ ಒಂದು ಮಗ್ಗುಲನ್ನು ಶಹಾಬಾದಿ ಫರ್ಸಿಯ ಮೇಲೆ ತಿಕ್ಕಿದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ಕವಡೆ ಇಲ್ಲದ ಮನೆಗಳಲ್ಲಿ ಚೌಕಾಬಾರಕ್ಕೆ ಇದೇ ದಾಳ. ಬೀಜ ತಿಕ್ಕುವುದಕ್ಕೂ ಅದೇ ಕಲ್ಲು, ಇದ್ದಿಲಿನಿಂದ ಮನೆ ಬರೆಯುವುದಕ್ಕೂ ಅದೇ ಕಲ್ಲು, ಸೋತವರು ಮುನಿಸಿಕೊಂಡು ಮಲಗುವುದಕ್ಕೂ ಅದೇ ಕಲ್ಲು. ಇಸ್ಪೀಟಿಗೆ ಕೂತರೆ ಪಣಕ್ಕೆ ಬೆಂಕಿಕಡ್ಡಿ, ಇಲ್ಲವೇ ತೊಗರಿ. ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ನಾವು ಅದಕ್ಕೂ ಎಷ್ಟೋ ಮೊದಲೇ ಅದನ್ನು ನಾಣ್ಯವಾಗಿ ಚಲಾವಣೆಗೆ ತಂದಿದ್ದೆವು. ತೊಂದರೆ ಒಂದೇ. ಗೆದ್ದ ಸಂಪತ್ತನ್ನು ಅಡುಗೆಮನೆಯವರು ಯಾವ ಗಳಿಗೆಯಲ್ಲಾದರೂ ಜಪ್ತಿ ಮಾಡಿ ಕುಕ್ಕರಿಗೆ ಹಾಕಬಹುದು.

ಈ ಅರ್ಥವ್ಯವಸ್ಥೆಗೆ ಕಲ್ಲು ಹಾಕಿದವನು ಬೆಂಗಳೂರಿನಲ್ಲಿರುವ ನಮ್ಮ ಅಳಿಯ. ದೀಪಾವಳಿಗೆ ಬರುವಾಗ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ತಂದ. ತೆರೆದರೆ ಸಾಲುಸಾಲು ಪೋಕರ್ ಬಿಲ್ಲೆಗಳು. ಕಸಿನೊದಲ್ಲಿ ಇರುತ್ತವಲ್ಲ, ಅಂಥವು. ಅಗಲ 39 ಮಿಲಿಮೀಟರ್, ಒಳಗೆ ಲೋಹದ ತುಂಡು ಕೂರಿಸಿರುವುದರಿಂದ ತೂಕ 11.5 ಗ್ರಾಂ. ಒಂದರ ಮೇಲೊಂದು ಬೀಳಿಸಿದಾಗ ಬರುವ ಸದ್ದಿಗೆ ಎಂಥವರಿಗೂ ತಾವು ಸ್ಥಿತಿವಂತರು ಅನ್ನಿಸಿಬಿಡುತ್ತದೆ. ರೂಢಿಯಂತೆ ಬಿಳಿಗೆ 1, ಕೆಂಪಿಗೆ 5, ನೀಲಿಗೆ 10, ಹಸಿರಿಗೆ 25, ಕಪ್ಪಿಗೆ 100. ನಡುವಿನ ತಗ್ಗಿನಲ್ಲಿ ಅಂಟಿಸಿದ ದುಂಡು ಚೀಟಿ, ಅದರ ಮೇಲೆ ಲಾಸ್ ವೇಗಾಸ್ ಎಂಬ ಹೆಸರು.

“ಸೇಡಂದಾಗ ಕುಂತು ಅದ್ಯಾವ್ದೋ ಊರಿನ ಹೆಸರಿಲೆ ಯಾಕ ಆಡಬೇಕು?” ಅಂದಳು ನಮ್ಮಕ್ಕ. ಚೀಟಿ ಬದಲಾಯಿಸುವ ಕಾರ್ಯಾಚರಣೆ ಅಲ್ಲಿಂದ ಶುರು.

ಬಿಸಿಗಾಳಿಯ ಡ್ರೈಯರ್ ಹಿಡಿದರೆ ಅಂಟು ಮೆತ್ತಗಾಗುತ್ತದೆ, ಉಗುರಿನಿಂದ ಎಬ್ಬಿಸಬಹುದು. ಉಳಿದ ಜಿಗುಟಿಗೆ ಕೊಬ್ಬರಿ ಎಣ್ಣೆ, ಎಣ್ಣೆಯ ಜಿಡ್ಡಿಗೆ ಸ್ಪಿರಿಟ್. ಹೊಸ ಚೀಟಿ ತಗ್ಗಿನ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾಗಿರಬೇಕು. ಅಂಚು ಮೇಲೆದ್ದರೆ ಪೇರಿಸಿದಾಗ ಸುಲಿಯುತ್ತದೆ. ವಿನೈಲ್ ಹಾಳೆ, ಮೇಲೆ ಲ್ಯಾಮಿನೇಶನ್. ಇದೆಲ್ಲ ಫ್ಲೆಕ್ಸ್ ಅಂಗಡಿಯ ಕೆಲಸ. ಅಲ್ಲಿನ ಹುಡುಗ ಅಳತೆ ಬರೆದುಕೊಂಡು, “ಫೋಟೋ ಯಾವ ಸಾಹೇಬರದು ಹಾಕ್ಲಿರಿ?” ಎಂದು ಕೇಳಿದ. ಯಾರದೂ ಬೇಡ ಎಂದಾಗ ಅವನ ಮುಖ ನೋಡಬೇಕಿತ್ತು.

ಐದು ಬಣ್ಣ, ಐದು ಊರು. ನಮ್ಮ ಬೀಗತನವೆಲ್ಲ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲೇ ಹರಡಿಕೊಂಡಿರುವುದರಿಂದ ಆ ಹೆಸರುಗಳನ್ನೇ ಹಾಕುವುದೆಂದು ಒಮ್ಮತವಾಯಿತು. ಕಪ್ಪು ಯಾರಿಗೆ, ಬಿಳಿ ಯಾರಿಗೆ ಎಂಬಲ್ಲಿಗೆ ಒಮ್ಮತ ಮುಗಿಯಿತು.

ಸೇಡಂನವರಾದ ನಾವು ಮಳಖೇಡ ಹಿಡಿದು ಕೂತೆವು. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ, ಕವಿರಾಜಮಾರ್ಗ. ಇದಕ್ಕಿಂತ ಹೆಚ್ಚಿಗೆ ಏನು ಬೇಕು? ಶಹಾಬಾದಿನ ಮಾಮ, “ನೀವು ಕುಂತಿರೋ ಫರ್ಸಿ ಯಾವೂರಿಂದು? ಎದ್ದು ನಿಂತು ಮಾತಾಡ್ರಿ” ಅಂದರು. ಎದ್ದರೂ ಕಾಲ ಕೆಳಗೆ ಅದೇ ಕಲ್ಲು. ವಾಡಿಯವರ ವಾದ ರೈಲಿನದು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ ಮಾರ್ಗವನ್ನು ಕೂಡಿದ್ದು ವಾಡಿಯಲ್ಲೇ. ಚಿತ್ತಾಪುರ, ಸೇಡಂ ಎಲ್ಲ ಆ ಹಳಿಯ ಮೇಲಿನ ನಿಲ್ದಾಣಗಳು ಅಷ್ಟೇ ಎಂದು ಅವರ ಅಂಬೋಣ.

ಚಿತ್ತಾಪುರದ ಬೀಗರು ಮಾತ್ರ ಚಹಾ ಮುಗಿಸಿಯೇ ಬಾಯಿಬಿಟ್ಟರು. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನೆಲ ಅಗೆದಾಗ ಸ್ತೂಪದ ಜೊತೆ ರಾಜ ರಾಣಿಯರ ಒಂದು ಶಿಲ್ಪ ಸಿಕ್ಕಿತಲ್ಲ, ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. “ಆ ಅಕ್ಷರ ಇರದಿದ್ರ ಅಂವ ಯಾವ ರಾಜ ಅಂತ ಯಾರಿಗ್ ಗೊತ್ತಾಗ್ತಿತ್ರಿ? ಚೀಟಿ ಹಚ್ಚೋ ವಿದ್ಯಾನೇ ನಮ್ಮ ತಾಲೂಕಿಂದು.” ಇಂಥ ವಾದಕ್ಕೆ ಉತ್ತರ ಹೇಳುವುದು ಕಷ್ಟ, ನಾನು ಚೂಡಾದ ತಟ್ಟೆಯನ್ನು ಅವರತ್ತ ಸರಿಸಿದೆ.

ಚಿಂಚೋಳಿಯ ಭಾವನಿಗೆ ರೈಲೂ ಇಲ್ಲ, ರಾಜಧಾನಿಯೂ ಇಲ್ಲ. ಆದರೆ ಕಾಡಿದೆ, 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಣೆಯೂ ಆಗಿದೆ. “ಹಸಿರು ಬಿಲ್ಲೆ ನಮ್ಮೂರಿಗೇ ಬಿಡ್ರಿ” ಅಂದ. ಪರವಾಗಿಲ್ಲ, ಸಮಾಧಾನಿ ಮನುಷ್ಯ ಅಂದುಕೊಳ್ಳುವಷ್ಟರಲ್ಲಿ, “ಅದರ ಬೆಲೆ ಅಷ್ಟು ನೂರು ಮಾಡ್ರಿ” ಎಂದು ಸೇರಿಸಿದ.

ಬಿಲ್ಲೆ ಅದೇ, ಬೆಲೆ ಬೇರೆ ಎಂದೊಡನೆ ಎಂಬತ್ತು ದಾಟಿದ ಕಾಕಾ ಚುರುಕಾದರು. ನಿಜಾಮರ ಕಾಲದಲ್ಲಿ ಇಲ್ಲಿ ರೂಪಾಯಿಯೆಂದರೆ ಎರಡು: ಚಾರ್‌ಮಿನಾರ್ ಮುದ್ರೆಯ ಹಾಲಿ, ಬ್ರಿಟಿಷರ ಕಲ್ದಾರ. 7 ಹಾಲಿ ಎಣಿಸಿದರೆ 6 ಕಲ್ದಾರ. ಎರಡೂ ದುಂಡಗೆ, ಎರಡಕ್ಕೂ ರೂಪಾಯಿ ಎಂದೇ ಹೆಸರು. ಸಾಲ, ಸಂಬಳ, ರೇಟು ಯಾವ ಮಾತು ಬಂದರೂ ಹಾಲಿಯೋ ಕಲ್ದಾರೋ ಎಂದು ಮೊದಲೇ ಕೇಳಿಕೊಳ್ಳಬೇಕು. “ಹಂಗ ಮಾಡ್ರಿ. ಚೀಟಿ ಮ್ಯಾಲ ಊರಿನ ಹೆಸರಷ್ಟೇ ಇರ್ಲಿ, ಅಂಕಿ ಬ್ಯಾಡ. ಯಾರ ಮನ್ಯಾಗ ಆಟ, ಅವರೂರಿನ ಬಿಲ್ಲೆಗೆ ನೂರು.”

ಬಿಲ್ಲೆಯ ಮೇಲೆ ಅಂಕಿ ಇಲ್ಲದಿರುವುದು ಇನ್ನೊಂದು ರೀತಿಯಲ್ಲೂ ಕ್ಷೇಮ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಹಣ ಕಟ್ಟಿ ಆಡುವ ಜೂಜು ಅಪರಾಧ. ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವರು ಜಪ್ತಿಯಾದ ಎಲೆಗಳ ಹಿಂದೆ ತಲೆತಗ್ಗಿಸಿ ನಿಂತ ಚಿತ್ರ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಬೀಗರ ಜೊತೆ ಹಾಗೆ ಸಾಲಾಗಿ ನಿಲ್ಲುವ ಇಚ್ಛೆ ನನಗಂತೂ ಇಲ್ಲ. ನಮ್ಮಲ್ಲಿ ದುಡ್ಡಿನ ಮಾತೇ ಇಲ್ಲ. ನೂರಕ್ಕೆ ಒಂದು ಪ್ಲೇಟ್ ಮಿರ್ಚಿ ಭಜಿ, ಅಷ್ಟೇ.

ಮೊದಲ ಆಟ ಸೇಡಂನ ನಮ್ಮ ಮನೆಯಲ್ಲೇ ನಡೆಯಿತು. ನಮ್ಮ ಕಪ್ಪು ಬಿಲ್ಲೆಗೆ ನೂರು, ಹಸಿರಿಗೆ ಹಳೆಯ ಇಪ್ಪತ್ತೈದೇ. ಚಿಂಚೋಳಿ ಭಾವ ಅಂದು ಕೇಳಿದವರಿಗೆಲ್ಲ ಕಪ್ಪು ಕೊಟ್ಟು ನಾಲ್ಕು ನಾಲ್ಕು ಹಸಿರು ಚಿಲ್ಲರೆ ಮಾಡಿಕೊಂಡ. ಎಂಥ ಉದಾರಿ ಎಂದು ಅಕ್ಕ ಹೊಗಳಿದಳು. ಪೆಟ್ಟಿಗೆ ಮುಚ್ಚುವಾಗ ನೋಡಿದರೆ ಹಸಿರಿನ ಸಾಲು ಪೂರಾ ಖಾಲಿ, ಭಾವನ ಅಂಗಿಯ ಕಿಸೆ ಜೋತುಬಿದ್ದಿದೆ. ಮರುದಿನದಿಂದಲೇ ಫೋನು ಶುರುವಾಗಿದೆ: ಮುಂದಿನ ಆಟ ಚಿಂಚೋಳಿಯಲ್ಲಂತೆ, ಬರುವಾಗ ಭಜಿಗೆ ಮೆಣಸಿನಕಾಯಿ ನಾವೇ ತರಬೇಕಂತೆ.