ಶ್ರೀಮಾನ್ ಅಡ್ವಾನ್ಸ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಅಡ್ವಾನ್ಸ್ ಅವರೇ,

ಮಳೆಗಾಲ ಮುಗಿದು ಬೆಂಗಳೂರಿನ ಸುತ್ತಲಿನ ಇಟ್ಟಿಗೆ ಗೂಡುಗಳ ಪಕ್ಕ ಸಾಲು ಗುಡಿಸಲುಗಳು ಎದ್ದವೆಂದರೆ ಈ ವರ್ಷವೂ ತಾವು ಕ್ಷೇಮವಾಗಿದ್ದೀರಿ ಎಂದು ನಮಗೆ ಗೊತ್ತಾಗುತ್ತದೆ. ಹಸಿ ಇಟ್ಟಿಗೆಯನ್ನೇ ಪೇರಿಸಿ, ಮೇಲೊಂದು ತಗಡೋ ಟಾರ್ಪಾಲೋ ಹೊದಿಸಿದ, ಬಗ್ಗಿಯೇ ಒಳಹೋಗಬೇಕಾದ ಆ ಗುಡಿಸಲುಗಳಲ್ಲಿ ವಾಸಿಸುವವರೆಲ್ಲ ತಮ್ಮ ಒಕ್ಕಲು. ಇಷ್ಟು ದೊಡ್ಡ ಸಂಸಾರ ಸಾಗಿಸುತ್ತಿರುವ ತಮಗೆ ಈವರೆಗೆ ಒಂದು ರಾಜ್ಯೋತ್ಸವ ಪ್ರಶಸ್ತಿಯೂ ಬಂದಿಲ್ಲ. ಆ ಬೇಸರವೇ ಈ ಪತ್ರಕ್ಕೆ ಕಾರಣ.

ಹಳೆಯ ಜೀತಪದ್ಧತಿ ಬಲು ದಡ್ಡ ವ್ಯವಸ್ಥೆಯಾಗಿತ್ತು. ಗೌಡರ ಹಟ್ಟಿಯಲ್ಲಿ ಅಪ್ಪ ಮಾಡಿದ ಸಾಲಕ್ಕೆ ಮಗ ದನ ಕಾಯಬೇಕು. ವರ್ಷಕ್ಕೊಂದು ಕಂಬಳಿ ಕೊಡಬೇಕು, ಹೊತ್ತಿಗೆ ಮುದ್ದೆ ಹಾಕಬೇಕು. ಯಾರು ಯಾರ ಮನೆಯ ಜೀತದಾಳು ಎಂದು ಊರಿಗೆಲ್ಲ ಗೊತ್ತಿರುತ್ತಿತ್ತು. ಕೊನೆಗೆ ದೆಹಲಿಗೂ ಗೊತ್ತಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, ಮರುವರ್ಷ ಅದೇ ಕಾಯ್ದೆಯಾಯಿತು, ಜೀತ ರದ್ದಾಯಿತು. ತಾವು ರದ್ದಾಗಲಿಲ್ಲ. ಕಾಯ್ದೆಯ ವ್ಯಾಖ್ಯೆಗಳ ಪಟ್ಟಿ ತೆರೆದರೆ ಮೊದಲ ಹೆಸರೇ ತಮ್ಮದು. ಆಪಾದಿತರ ಪಟ್ಟಿಯಲ್ಲಿ ಒಂದನೇ ನಂಬರಿನಲ್ಲಿದ್ದೂ ಐವತ್ತು ವರ್ಷ ತಲೆಯೆತ್ತಿ ಓಡಾಡಿಕೊಂಡಿರುವುದು ರಾಜಕಾರಣಿಗಳಿಗೂ ಸುಲಭವಲ್ಲ.

ತಮ್ಮ ಕೆಲಸದ ಸೊಗಸು ನೋಡಬೇಕೆಂದರೆ ಒಡಿಶಾದ ಬಲಾಂಗೀರ್ ಜಿಲ್ಲೆಗೆ ಹೋಗಬೇಕು. ಅಲ್ಲಿ ಹೊಸ ಭತ್ತದ ಹಬ್ಬ ನುವಾಖಾಯಿ. ಮಳೆ ಕೈಕೊಟ್ಟ ಊರಿನಲ್ಲಿ ಹೊಸ ಬಟ್ಟೆಗೆ ದುಡ್ಡಿಲ್ಲ, ಮಗಳ ಮದುವೆಯ ಸಾಲ ಬೇರೆ ಕುತ್ತಿಗೆಗೆ ಬಂದಿದೆ. ಆ ಹೊತ್ತಿಗೆ ಸರಿಯಾಗಿ, ಕೂಲಿಯಾಳು ಹುಡುಕಿ ಬರುವ ಸರ್ದಾರನ ಜೇಬಿನಲ್ಲಿ ಕುಳಿತು ತಾವು ಬರುತ್ತೀರಿ. ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಗಂಡ, ಹೆಂಡತಿ, ಜೊತೆಗೊಂದು ಮಗು ಸೇರಿದರೆ ‘ಪಥುರಿಯಾ’ ಎಂಬ ಒಂದು ಯೂನಿಟ್. ಯೂನಿಟ್ಟಿಗೆ ಇಷ್ಟು ಎಂದು ಎಣಿಸಿ ಕೊಡುತ್ತೀರಿ. ಹಬ್ಬ ಮುಗಿದ ಮೇಲೆ ಕಾಂಟಾಬಾಂಜಿ ಸ್ಟೇಷನ್ನಿನಲ್ಲಿ ಪಾತ್ರೆಪಗಡ, ಅಕ್ಕಿ ಮೂಟೆ, ಮಕ್ಕಳ ಸಮೇತ ಜನ ತಾವಾಗಿಯೇ ರೈಲು ಹತ್ತುತ್ತಾರೆ. ಹಿಂದೆ ಗುಲಾಮರನ್ನು ಹಡಗಿಗೆ ತುಂಬಲು ಸರಪಳಿ ಬೇಕಿತ್ತು, ಕಾವಲು ಬೇಕಿತ್ತು. ತಮ್ಮ ಪ್ರಯಾಣಿಕರ ಟಿಕೆಟ್ಟಿನ ದುಡ್ಡನ್ನೂ ಅವರ ಲೆಕ್ಕಕ್ಕೇ ಬರೆಯಲಾಗುತ್ತದೆ.

ಆ ಲೆಕ್ಕದ ಪುಸ್ತಕದ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಅದು ಅಂಗಿಯ ಜೇಬಿನಲ್ಲಿ ಹಿಡಿಯುವ, ಬೆವರಿಗೆ ಅಂಚು ಮೆತ್ತಗಾದ ಪುಟ್ಟ ನೋಟ್‌ಬುಕ್. ಎಡಕ್ಕೆ ತಾವು. ತಮ್ಮ ಕೆಳಗೆ ವಾರದ ಖುರಾಕಿ, ಅಂದರೆ ಅಕ್ಕಿ ಎಣ್ಣೆಗೆ ಕೊಟ್ಟ ಚಿಲ್ಲರೆ. ಮಗುವಿಗೆ ಜ್ವರ ಬಂದಾಗ ಹಾಕಿಸಿದ ಇಂಜೆಕ್ಷನ್. ಊರಿಗೆ ಫೋನ್ ಮಾಡಲು ಹಾಕಿಸಿದ ಕರೆನ್ಸಿ. ಬಲಕ್ಕೆ ಸಾವಿರದ ಲೆಕ್ಕದಲ್ಲಿ ಇಟ್ಟಿಗೆ. ಗಂಡ ಅಚ್ಚಿಗೆ ಮಣ್ಣು ತುಂಬಿ ಬಡಿಯುತ್ತಾನೆ, ಹೆಂಡತಿ ಮಣ್ಣು ಹದಮಾಡಿ ಕೊಡುತ್ತಾಳೆ, ಮಗು ಒಣಗಿದ ಇಟ್ಟಿಗೆಯನ್ನು ಮಗ್ಗುಲು ಬದಲಿಸುತ್ತದೆ. ಮೂವರು ದುಡಿದರೂ ಪುಸ್ತಕದಲ್ಲಿರುವುದು ಒಂದೇ ಹೆಸರು, ಅದು ಗಂಡನದು. ಅಕಾಲದ ಮಳೆಗೆ ಕರಗಿದ ಇಟ್ಟಿಗೆ ಬಲಗಡೆಯಿಂದ ಅಳಿಸಿಹೋಗುತ್ತದೆ. ಎಡಗಡೆ ಬರೆದದ್ದು ಎಂಥ ಮಳೆಗೂ ಅಳಿಯದು. ಬರೆದಿಟ್ಟವರಿಗೆ ಓದಲು ಬರುತ್ತದೆ, ಹೆಬ್ಬೆಟ್ಟು ಒತ್ತಿದವರಿಗೆ ಬರುವುದಿಲ್ಲ.

ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಲ್ಲಿ ತಮ್ಮ ಗಣಿತ ಇನ್ನೂ ಚುರುಕು. ಗಂಡ ಹೆಂಡತಿ ಸೇರಿದರೆ ಅಲ್ಲಿ ‘ಒಂದು ಕೊಯ್ತಾ’, ಅಂದರೆ ಒಂದು ಕುಡುಗೋಲು. ಆಳು ಒದಗಿಸುವ ಮುಕಾದಮನ ಲೆಕ್ಕದಲ್ಲಿ ಒಂಟಿ ಮನುಷ್ಯ ಅರ್ಧ ಕುಡುಗೋಲು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಇನ್ನು ಬೆಂಗಳೂರಿನ ನಮಗೆ ತಮ್ಮ ಪರಿಚಯ ಬೇರೆಯೇ. ಬಾಡಿಗೆ ಮನೆ ಹಿಡಿಯುವಾಗ ಹತ್ತು ತಿಂಗಳ ತಮ್ಮನ್ನು ಓನರ್ ಕೈಗೆ ಕೊಟ್ಟು, ಬಿಟ್ಟು ಹೋಗುವಾಗ ಪೇಂಟಿಂಗ್ ಎಂದು ಎಷ್ಟು ಮುರಿದುಕೊಳ್ಳುತ್ತಾರೋ ಎಂದು ನಿದ್ದೆಗೆಡುವವರು ನಾವು. ಇಲ್ಲಿ ಕೊಟ್ಟವನು ಸಿಕ್ಕಿಬೀಳುತ್ತಾನೆ, ಗೂಡಿನಲ್ಲಿ ಇಸಿದುಕೊಂಡವನು ಸಿಕ್ಕಿಬೀಳುತ್ತಾನೆ. ದುಡ್ಡು ಯಾವ ಕಡೆ ಹೋದರೂ ಜುಟ್ಟು ಮಾತ್ರ ಮಾಲೀಕನ ಕೈಯಲ್ಲೇ ಉಳಿಯುವಂತೆ ನೋಡಿಕೊಳ್ಳುವ ತಮ್ಮ ನಿಷ್ಠೆ ದೊಡ್ಡದು.

ತಮ್ಮ ನಿಜವಾದ ಪ್ರತಿಭೆ ಹೊರಬೀಳುವುದು ಅಧಿಕಾರಿಗಳು ಬಂದಾಗ. ಯಾರೋ ದೂರು ಕೊಟ್ಟಿರುತ್ತಾರೆ. ಜೀಪು ಬರುತ್ತದೆ, ಕುರ್ಚಿ ಹಾಕುತ್ತಾರೆ, ಎಳನೀರು ಬರುತ್ತದೆ. ಮಾಲೀಕರು ಪಕ್ಕದಲ್ಲೇ ನಿಂತಿರುತ್ತಾರೆ. ಒಡಿಯಾ, ಕನ್ನಡ ಎರಡೂ ಬಲ್ಲವನು ಸರ್ದಾರನೊಬ್ಬನೇ ಆದ್ದರಿಂದ ದುಭಾಷಿಯ ಕೆಲಸವೂ ಅವನದೇ.

‘ಯಾರಾದರೂ ಕಟ್ಟಿಹಾಕಿದ್ದಾರೇನಪ್ಪ?’

‘ಇಲ್ಲ ಸಾರ್.’

‘ಊಟ ಕೊಡ್ತಾರಾ?’

‘ಕೊಡ್ತಾರೆ ಸಾರ್.’

‘ಅಡ್ವಾನ್ಸ್ ಇಸ್ಕೊಂಡಿದ್ದೀಯಾ?’

‘ಹೂಂ ಸಾರ್.’

‘ಮತ್ತೆ, ಇಸ್ಕೊಂಡ ಮೇಲೆ ತೀರಿಸಬೇಕಲ್ಲಯ್ಯ?’

ಈ ಕೊನೆಯ ಪ್ರಶ್ನೆಗೆ ತಾವು ಮೀಸೆಯಡಿ ನಕ್ಕಿರುತ್ತೀರಿ. ಜೀತದ ಸಾಲ ತೀರಿಸಬೇಕಾಗಿಲ್ಲ, ಅದು ಕಾಯ್ದೆಯಿಂದಲೇ ಮನ್ನಾ ಆಗಿದೆ. ಮನ್ನಾ ಆದದ್ದನ್ನು ವಸೂಲು ಮಾಡುವವನಿಗೆ ಜೈಲು. ಜೀತವಲ್ಲ ಎಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ದುಡಿಯುವವನಲ್ಲ. ಏಷ್ಯಾಡ್ ಕ್ರೀಡಾಂಗಣ ಕಟ್ಟಿದ ಕಾರ್ಮಿಕರ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿಯವರು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೇ ಬಲವಂತದ ದುಡಿಮೆ, ಹಸಿವೂ ಒಂದು ಬಲವಂತವೇ ಎಂದು 1982ರಲ್ಲೇ ಹೇಳಿದರು. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. 2013ರಲ್ಲಿ ತಿದ್ದಿದ ದಂಡಸಂಹಿತೆಯ 370ನೇ ಸೆಕ್ಷನ್, ಈಗಿನ ನ್ಯಾಯಸಂಹಿತೆಯ 143, ದುಡ್ಡಿನ ಆಮಿಷ ಒಡ್ಡಿ ಶೋಷಣೆಗಾಗಿ ಕರೆತರುವುದೂ ಮಾನವ ಕಳ್ಳಸಾಗಣೆಯೇ ಎನ್ನುತ್ತದೆ. ಅವನೇ ಒಪ್ಪಿ ಬಂದ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದರೆ ಕನಿಷ್ಠ ಹತ್ತು ವರ್ಷ. ಆದರೆ ಜೀಪಿನಲ್ಲಿ ಬಂದವರು ಹುಡುಕುವುದು ಬೀಗ, ಸರಪಳಿ, ಬಾಸುಂಡೆ. ತಾವು ಕುರ್ಚಿಯ ಪಕ್ಕದಲ್ಲೇ ನಿಂತಿದ್ದರೂ ಕಾಣುವುದಿಲ್ಲ.

ಒಮ್ಮೊಮ್ಮೆ ತಮ್ಮ ಕಡೆಯವರೇ ಅವಸರ ಮಾಡಿ ತಮ್ಮ ಮರ್ಯಾದೆ ಕಳೆಯುತ್ತಾರೆ. 2025ರ ಜನವರಿಯಲ್ಲಿ ವಿಜಯಪುರದ ಇಟ್ಟಿಗೆ ಭಟ್ಟಿಯೊಂದರಲ್ಲಿ, ಸಂಕ್ರಾಂತಿಗೆ ಊರಿಗೆ ಹೋಗಿ ತಡವಾಗಿ ಬಂದರೆಂದು ಕಾರ್ಮಿಕರ ಅಂಗಾಲಿಗೆ ಪೈಪಿನಿಂದ ಹೊಡೆದರು. ವಿಡಿಯೊ ಹರಿದಾಡಿತು, ಬಂಧನವಾಯಿತು, ನಾವೂ ಛೇ ಎಂದೆವು. ಪೈಪಿಗೆ ಛೇ ಎಂದೆವು, ತಮಗಲ್ಲ.

ಜೀತಕ್ಕಿಟ್ಟುಕೊಂಡವರಿಗೆ 1976ರ ಕಾಯ್ದೆ ವಿಧಿಸುವ ಶಿಕ್ಷೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಐವತ್ತು ವರ್ಷದಲ್ಲಿ ಆ ಎರಡು ಸಾವಿರಕ್ಕೆ ಬಿಡಿಗಾಸಿನ ಬಡ್ಡಿ ಹತ್ತಿಲ್ಲ. ತಮ್ಮ ವ್ಯವಹಾರದಲ್ಲಿ ಬೆಳೆಯದೆ ಉಳಿದ ಮೊತ್ತ ಇದೊಂದೇ ಇರಬೇಕು.

ಸರ್ಕಾರವೇನು ಸುಮ್ಮನೆ ಕೂತಿಲ್ಲ. 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿಯನ್ನು 2016ರಲ್ಲಿ ಪ್ರಕಟಿಸಿತು. 1978ರಿಂದ ಅಲ್ಲಿಯವರೆಗೆ ಪುನರ್ವಸತಿ ಪಡೆದವರ ಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಅದೇ ವರ್ಷದ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ ಮೂರು ಲಕ್ಷ ರೂಪಾಯಿ. ಕೇಳಲು ಹಿತವಾಗಿದೆ. ಆದರೆ ಬಿಡುಗಡೆಯಾದ ಕೂಡಲೇ ಕೈಗೆ ಬರಬಹುದಾದದ್ದು ಈಗ ಹೆಚ್ಚೆಂದರೆ ಮೂವತ್ತು ಸಾವಿರ. ಉಳಿದದ್ದು ಕೇಸು ನಡೆದು ಮಾಲೀಕನಿಗೆ ಶಿಕ್ಷೆಯಾದ ಮೇಲೆ. ಕೇಸು ಕರ್ನಾಟಕದಲ್ಲಿ, ಸಾಕ್ಷಿ ಬಲಾಂಗೀರಿನಲ್ಲಿ, ವಾಯಿದೆಯ ಮೇಲೆ ವಾಯಿದೆ.

ಅಷ್ಟರಲ್ಲಿ ಇನ್ನೊಂದು ನುವಾಖಾಯಿ ಬರುತ್ತದೆ. ಬಿಡುಗಡೆ ಪತ್ರವನ್ನು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬ್ಯಾಂಕಿಗೆ ದುಡ್ಡು ಬಿತ್ತೇ ಎಂದು ಬಿಡುಗಡೆಯಾದವನು ಬ್ಲಾಕ್ ಆಫೀಸಿಗೆ ಅಲೆಯುತ್ತಿರುತ್ತಾನೆ. ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ತಮಗೆ ಅರ್ಜಿ ಬೇಕಿಲ್ಲ, ಫೋಟೊ ಬೇಕಿಲ್ಲ, ಮೇಲಿನವರ ಸಹಿ ಬೇಕಿಲ್ಲ. ಸಂಜೆ ಮನೆ ಬಾಗಿಲಿಗೇ ಬಂದು, ನಗದಾಗಿಯೇ ಕೈಗೆ ಸಿಗುತ್ತೀರಿ. ಸಕಾಲ ಸೇವೆಯ ತರಬೇತಿಗೆ ನಮ್ಮ ಅಧಿಕಾರಿಗಳನ್ನು ತಮ್ಮಲ್ಲಿಗೇ ಕಳಿಸಬಹುದೇ ಎಂದು ದಯವಿಟ್ಟು ತಿಳಿಸಿ.

ಇತಿ,
ತಮ್ಮವರು ಕೊಯ್ದ ಇಟ್ಟಿಗೆಯ ಮನೆಯಲ್ಲಿ ಬಾಡಿಗೆಗಿರುವ ಒಬ್ಬ